ಒದ್ದೆ ಹೆಜ್ಜೆಯ ಗುರುತು

ಫತೇಗಂಜ್, ವಡೋದರಾ
11 ಫೆಬ್ರವರಿ 2004

ಚಿರಂಜೀವಿ ಅನಿರುದ್ಧನಿಗೆ,

ನಿನ್ನ ತಾಯಿ ನಾಗವೇಣಿಯ ಆಶೀರ್ವಾದ. ತಾಯಿಯಾಗಿ ಮಾತ್ರವಲ್ಲ, ನಿನ್ನ ತಂದೆ ಹೋದ ಮೇಲೆ ಈ ಮನೆಯ ಹಿರಿಯಳಾಗಿಯೂ ಬರೆಯುತ್ತಿದ್ದೇನೆ. ಗದಗಿನಿಂದ ಅವರ ರೈಲ್ವೆ ವರ್ಗಾವಣೆಯ ಮೇಲೆ ಈ ಊರಿಗೆ ಬಂದಾಗಿನಿಂದ ನಮ್ಮ ಹೊಸ್ತಿಲು ದಾಟಿ ಒಂದು ಚಪ್ಪಲಿ ಒಳಗೆ ಬಂದಿಲ್ಲ. ನಿನ್ನ ಅಣ್ಣ ಹರಿಪ್ರಸಾದ ಬ್ಯಾಂಕಿನಲ್ಲಿ ಮ್ಯಾನೇಜರ್ ಆದರೂ ಮನೆಯಲ್ಲಿ ನಡೆಯುವುದು ನನ್ನ ಮಾತೇ. ಇದು ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಮೊದಲೇ ಬರೆದಿಟ್ಟೆ. ಮುಂದಿನದನ್ನು ಓದಿದರೆ ಬರೆದವಳು ಬೇರೆ ಯಾರೋ ಎಂದು ನಿನಗೆ ಅನ್ನಿಸೀತು.

ನಿನ್ನ ಕೆಮ್ಮು ಹೇಗಿದೆ? ಅಸ್ಸಾಮಿನ ಆ ಜೋರ್ಹಾಟಿನ ಚಳಿ ನಮ್ಮ ಚಳಿಯಂತಲ್ಲ ಎಂದು ಕೇಳಿದ್ದೇನೆ. ನಿನ್ನ ಅತ್ತಿಗೆ ಪ್ರೇಮಾ ಹೆಣೆದು ಕಳಿಸಿದ ಸ್ವೆಟರ್ ಪೆಟ್ಟಿಗೆಯಲ್ಲಿ ಇಡಬೇಡ, ಹಾಕಿಕೋ. ಸೈನ್ಯದವರು ಊಟಕ್ಕೆ ಏನು ಕೊಡುತ್ತಾರೋ ನಾನು ಕೇಳುವುದಿಲ್ಲ, ನೀನು ಹೇಳಲೂ ಬೇಡ.

ಈಗ ವಿಷಯ. ಸೂರತಿನ ಪ್ರಾರ್ಥನಾಳ ಮದುವೆ ಸಂಬಂಧದ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೆ: “ಅಮ್ಮಾ, ನೀನು ನೋಡಿ ಬಾ, ನೀನು ಬೇಡ ಅಂದರೆ ಬೇಡ.” ಹಾಗೆ ಬರೆದದ್ದು ಒಳ್ಳೆಯದೇ. ಸಂಕ್ರಾಂತಿ ಮುಗಿದ ವಾರ ನಾನೂ ಪ್ರೇಮಾಳೂ ಹೋಗಿ ಬಂದೆವು. ಹುಡುಗಿಯ ತಂದೆ ಅಲ್ಲಿನ ಪಾಂಡೇಸರಾದ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿ ಸೂಪರ್‌ವೈಸರ್, ತಾಯಿ ರಮಾಮಣಿ ರಾಣೇಬೆನ್ನೂರಿನ ಕಡೆಯವಳು. ಹುಡುಗಿ ಮಾತ್ರ ಅಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಅರ್ಧ ಗುಜರಾತಿ. ಅದನ್ನು ನಾನು ತಿದ್ದಿಕೊಳ್ಳಬಲ್ಲೆ. ಆದರೆ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ನಿಮ್ಮ ಅಜ್ಜಿ ನನ್ನನ್ನು ನೋಡಲು ಬಂದಾಗ ತಂಬಿಗೆ ನೀರಿನಿಂದ ಕಾಲು ತೊಳೆಸಿ, ನೆಲದ ಮೇಲೆ ನಡೆಸಿ, ಒದ್ದೆ ಹೆಜ್ಜೆಯ ಗುರುತು ನೋಡಿದ್ದರು. ನಡುವೆ ಗುಂಡಿಯಿದ್ದು ನೆಲದಲ್ಲಿ ಅಷ್ಟು ಜಾಗ ಖಾಲಿ ಬಿಡುವ ಪಾದ ಮನೆಗೆ ಏಳಿಗೆ, ಪೂರ್ತಿ ಒತ್ತುವ ಪಾದ ಮನೆಯನ್ನು ತುಳಿದು ಹಾಕುತ್ತದೆ ಎನ್ನುವುದು ಅವರ ಮಾತು. ಅದೇ ತಾಮ್ರದ ತಂಬಿಗೆ ನಾನೂ ಒಯ್ದಿದ್ದೆ. ಹುಡುಗಿ ನಗುತ್ತಾ ನಡೆದಳು. ಟೈಲ್ಸಿನ ಮೇಲೆ ಮೂಡಿದ್ದು ಹಿಮ್ಮಡಿಯಿಂದ ಬೆರಳಿನವರೆಗೆ ತುಂಬಿದ ಹೆಜ್ಜೆ, ಎರಡೂ ಕಾಲಿನದು. ನಾನು ತಂಬಿಗೆ ಎತ್ತಿಕೊಂಡು ಎದ್ದು ಬಂದೆ. ನಿನಗೆ ‘ಬೇಡ’ ಎಂದು ಬರೆಯಲು ಮನಸ್ಸಿನಲ್ಲಿ ಸಾಲೂ ಜೋಡಿಸಿದ್ದೆ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಹೊರಗೆ ಬಂದು ತಿರುಗಿ ನೋಡುತ್ತೇನೆ, ನನ್ನ ಬಲಗಾಲಿನ ಗುರುತಿನಲ್ಲಿ ಗುಂಡಿಯ ಜಾಗ ಖಾಲಿ ಇದೆ, ಎಡಗಾಲಿನದರಲ್ಲಿ ಇಲ್ಲ! ನೆಲ ಒರೆಸಿ, ಕಾಲು ಒದ್ದೆ ಮಾಡಿಕೊಂಡು ಮತ್ತೆ ನಡೆದೆ. ಮತ್ತೆ ಹಾಗೆಯೇ. ಹುಡುಗಿಯ ಒದ್ದೆ ಹೆಜ್ಜೆಯನ್ನು ತುಳಿದುಕೊಂಡೇ ನಾನು ಅವರ ಬಾಗಿಲು ದಾಟಿದ್ದು ನೆನಪಾಯಿತು. ಅವಳ ದೋಷ ನನಗೆ ತಗುಲಿತು ಎಂದುಕೊಂಡು ಉಪ್ಪು, ಮೆಣಸಿನಕಾಯಿ ತೆಗೆದುಕೊಂಡು ನನ್ನ ಕಾಲಿಗೆ ನಾನೇ ದೃಷ್ಟಿ ತೆಗೆದುಕೊಂಡೆ. ಪ್ರೇಮಾ ನೋಡಿ ಏನೆಂದಳು ಗೊತ್ತೇ? “ಅತ್ತೀ, ದೀಪಾವಳಿಯಿಂದ ನೋಯಾಕತ್ತಿದ್ದ ಕಾಲಿಗೆ ಸಂಕ್ರಾಂತಿಗೆ ನೋಡಿದ ಹುಡುಗಿ ಏನ್ ಮಾಡ್ಯಾಳ್ರಿ?” ಅವಳಿಗೆ ಬಾಯಿ ಹೆಚ್ಚಾಗಿದೆ. ಆದರೆ ಕಾಲು ನೋಯುತ್ತಿದ್ದದ್ದು ನಿಜ. ಕಣಕಾಲಿನ ಒಳಮಗ್ಗುಲಿನ ಎಲುಬಿನ ಕೆಳಗೆ ಬಾವು. ಉಳುಕು ಎಂದುಕೊಂಡು ಬಿಸಿ ಹರಳೆಣ್ಣೆ ತಿಕ್ಕಿ ಬಟ್ಟೆ ಕಟ್ಟಿಕೊಂಡು ನಡೆಯುತ್ತಿದ್ದೆ. ಇಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ ಎಲುಬು ಚೆನ್ನಾಗಿದೆ, ವಯಸ್ಸಾಯಿತಲ್ಲ ಎಂದು ಗುಳಿಗೆ ಬರೆದುಕೊಟ್ಟರು. ವಯಸ್ಸಾದರೆ ಎರಡು ಕಾಲಿಗೂ ಆಗಬೇಕಲ್ಲ?

ನಿನ್ನ ಅಣ್ಣ ಹಟ ಹಿಡಿದು ಅಹಮದಾಬಾದಿನ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದ. ಚಿಕ್ಕ ವಯಸ್ಸಿನವನು. ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಹಿಂದಿನಿಂದ ಕಾಲು ನೋಡಿದ. ಬಲಗಾಲಿನ ಕಿರುಬೆರಳು ಮಾತ್ರ ಕಾಣುತ್ತಿದೆ, ಎಡಗಾಲಿನದು ಮೂರು ಬೆರಳು ಹೊರಗೆ ಇಣುಕುತ್ತಿವೆ, ಪಾದ ಹೊರಕ್ಕೆ ತಿರುಗಿದೆ ಎಂದ. ಆಮೇಲೆ ಒಂದೇ ಕಾಲಿನ ತುದಿಬೆರಳ ಮೇಲೆ ಏಳಲು ಹೇಳಿದ. ಬಲಗಾಲಿನ ಮೇಲೆ ಎದ್ದೆ. ಎಡಗಾಲಿನ ಹಿಮ್ಮಡಿ ನೆಲ ಬಿಟ್ಟು ಮೇಲೆ ಬರಲೇ ಇಲ್ಲ, ಅನಿರುದ್ಧ. ನನ್ನ ಕಾಲು ನನ್ನ ಮಾತು ಕೇಳಲಿಲ್ಲ! ಆಮೇಲೆ ಸೋನೋಗ್ರಫಿ ಮಾಡಿಸಿ ತಿಳಿಸಿ ಹೇಳಿದ. ಪಾದದ ಕಮಾನನ್ನು ಹಗ್ಗದಂತೆ ಎತ್ತಿ ಹಿಡಿಯುವ ಟೆಂಡನ್ ಎಂಬುದೊಂದು ಇದೆಯಂತೆ. ಅದು ಸವೆದು, ಹಿಗ್ಗಿ, ಪಾದ ಕುಸಿದಿದೆ. ಇನ್ನೂ ಕೈಯಿಂದ ತಿರುಗಿಸಿದರೆ ಪಾದ ತಿರುಗುತ್ತದೆ, ಆದ್ದರಿಂದ ಈಗ ಆಪರೇಷನ್ ಬೇಡ. ಒಳಗೆ ಎತ್ತರದ ಮೆತ್ತೆಯಿರುವ ಬೂಟು, ಕಣಕಾಲಿಗೆ ಪಟ್ಟಿ, ರಬ್ಬರ್ ಎಳೆಯುವ ವ್ಯಾಯಾಮ. ಅಲಕ್ಷ್ಯ ಮಾಡಿದರೆ ಕೀಲು ಬಿಗಿದು ಎಲುಬನ್ನೇ ಕೊಯ್ದು ಜೋಡಿಸಬೇಕಾದೀತು. ಮನೆಯೊಳಗೂ ಬರಿಗಾಲು ಕೂಡದು ಎಂದ. ಯಾರ ಮನೆ ಎಂದು ಅವನಿಗೇನು ಗೊತ್ತು!

ಹುಟ್ಟಿನಿಂದ ಚಪ್ಪಟೆ ಪಾದ ಇರುವವರ ಗತಿಯೇನು ಎಂದು ಕೇಳಿದೆ. ನೋವಿಲ್ಲದಿದ್ದರೆ, ತುದಿಬೆರಳ ಮೇಲೆ ಏಳಬಲ್ಲರಾದರೆ ಅದು ರೋಗವೇ ಅಲ್ಲ ಎಂದ. ನನಗೆ ತಲೆ ಕೆಟ್ಟಿತು. ಗುಂಡಿಯಿದ್ದ ಪಾದವೆಂದು ಆರಿಸಿ ತಂದ ನನ್ನ ಕಾಲಿಗೆ ರೋಗ, ಗುಂಡಿಯಿಲ್ಲದ ಅವಳ ಕಾಲಿಗೆ ಏನೂ ಇಲ್ಲವೇ? ಡಾಕ್ಟರ ಮಾತು ಹೌದೋ ಅಲ್ಲವೋ ನಾನೇ ನೋಡಬೇಕು ಎಂದು ಮೊನ್ನೆ ಭಾನುವಾರ ಮತ್ತೆ ಸೂರತಿಗೆ ಹೋದೆ.

ಅವರು ಚಹಾ ಕೊಡುವ ಮೊದಲೇ ಹೇಳಿದೆ: “ನೀ ಒಂದ ಕಾಲ ತುದಿಮ್ಯಾಲೆ ನಿಲ್ಲವ್ವಾ.” ರಮಾಮಣಿಯ ಮುಖ ಕಪ್ಪಿಟ್ಟಿತು. ಹುಡುಗಿ ದುಪಟ್ಟಾ ಸೊಂಟಕ್ಕೆ ಬಿಗಿದು ಗೋಡೆ ಮುಟ್ಟದೆ ಎದ್ದಳು, ಮೊದಲು ಎಡಗಾಲಿನ ಮೇಲೆ, ಆಮೇಲೆ ಬಲಗಾಲಿನ ಮೇಲೆ. ಹಿಮ್ಮಡಿ ಎದ್ದೊಡನೆ ಅವಳ ಪಾದದ ಕೆಳಗೆ ಗುಂಡಿ ತಾನಾಗಿ ಮೂಡಿತು! ನಾನು ಬಗ್ಗಿ ನೋಡಿದೆ. ಆಗ ಅವಳು, “ಆಂಟಿ, ಈಗ ನೀವು?” ಎಂದಳು. ತಾಯಿ ಗದರಿದಳು. ನಾನು ಎದ್ದು ಪ್ರಯತ್ನಿಸಿದೆ. ಆಗಲಿಲ್ಲ. ಎಲ್ಲರೂ ನೋಡುತ್ತಿದ್ದರು. ಹುಡುಗಿ ನಗಲಿಲ್ಲ. ಬಾಗಿಲ ಹೊರಗೆ ಬಿಟ್ಟಿದ್ದ ನನ್ನ ಮೆತ್ತೆಯ ಹೊಸ ಬೂಟನ್ನು ತಿರುಗಿಸಿ ನೋಡಿ, ಒದ್ದೆ ಬಟ್ಟೆಯಿಂದ ತಳ ಒರೆಸಿ, ಒಳಗೆ ತಂದು ನನ್ನ ಕಾಲ ಬಳಿ ಇಟ್ಟಳು. “ನೀವು ಹಾಕಿ. ನಮ್ಮ ಮನೆಯಲ್ಲಿ ಚಾಲ್‌ಶೆ, ನಡೀತದೆ” ಎಂದಳು.

ನಿಮ್ಮ ಅಜ್ಜಿ ಹೇಳಿದ್ದು ಸುಳ್ಳೆಂದು ನಾನು ಹೇಳಲಾರೆ. ನಿಜವೆಂದೂ ಈಗ ಹೇಳಲಾರೆ.

ಅಣ್ಣ, ಅತ್ತಿಗೆ ನಿನ್ನನ್ನು ನೆನೆಯುತ್ತಾರೆ. ಗುರುಹಿರಿಯರ ಕೃಪೆ ನಿನ್ನ ಮೇಲಿರಲಿ. ಕಾಲು ಒಣಗಿಸಿಕೊಂಡು ಸಾಕ್ಸ್ ಹಾಕಿಕೋ.

ಇಂತಿ ನಿನ್ನ ತಾಯಿ,
ನಾಗವೇಣಿ

ತಾ.ಕ.: ಹರಿಪ್ರಸಾದ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯವಾದದ್ದೇ ಉಳಿಯಿತು. ಅಂದೇ ಆ ಬೂಟು ಹಾಕಿಕೊಂಡು, ಅವರ ನಡುಮನೆಯಲ್ಲಿ ನೆಟ್ಟಗೆ ನಿಂತು, ಪ್ರಾರ್ಥನಾಳ ಹಣೆಗೆ ಕುಂಕುಮವಿಟ್ಟು, ಉಡಿ ತುಂಬಿ, ಮಾತು ಕೊಟ್ಟು ಬಂದಿದ್ದೇನೆ. ರಜೆಗೆ ಅರ್ಜಿ ಹಾಕು. ನೀನು ಬಂದಾಗ ನಾನು ಅಡುಗೆಮನೆಯಲ್ಲಿ ಬೂಟು ಹಾಕಿಕೊಂಡಿರುತ್ತೇನೆ, ಮನೆಯೊಳಗೆ ಹಾಕಲೆಂದೇ ಬೇರೆ ಜೊತೆ ಮಾಡಿಸಿದ್ದೇನೆ. ನಗಬೇಡ. ಆ ತಾಮ್ರದ ತಂಬಿಗೆಯನ್ನು ತುಳಸಿಗೆ ನೀರು ಹಾಕಲು ಹೊರಗೆ ಇಟ್ಟಾಯಿತು.