ಪಿತ್ತ ಒಡೆಯದ ಹಾಗೆ

ಯಮುನಾ,

ನೀನು ಏಳುವ ಮೊದಲೇ ಮಡಿಕೇರಿ ಬಸ್ಸಿಗೆ ಹೊರಟೆ. ಅವ್ವನಿಗೆ ಹೊಟ್ಟೆನೋವಿನ ಮದ್ದಿಗೆ ಹೋದ ಅಂತ ಮಾತ್ರ ಹೇಳು, ಕೊಯ್ಯುವ ಮಾತು ಎತ್ತಬೇಡ. ಜಗಲಿಯಲ್ಲಿರುವ ಕೋವಿ ಒಳಗಿಡು.

ನಾಳೆ ಆಸ್ಪತ್ರೆಯ ಬಿಳಿ ದೊರೆ ಡಾಕ್ಟರು ನನ್ನ ಹೊಟ್ಟೆ ಕೊಯ್ದು, ಕಲ್ಲು ತುಂಬಿದ ಪಿತ್ತದ ಚೀಲ ತೆಗೆಯುತ್ತಾರಂತೆ. ಊರಿನ ಹಂದಿಯೆಲ್ಲ ಕೊಯ್ದ ಕೈ ನನ್ನದು. ಆದರೂ ಹೋದ ಕೈಲ್ ಮುಹೂರ್ತದ ಹಬ್ಬಕ್ಕೆ ಕತ್ತಿ ಜಾರಿ ಪಿತ್ತ ಒಡೆದು, ಮಾಂಸವೆಲ್ಲ ಕಹಿಯಾಗಿ ನಾಯಿಗೆ ಹಾಕಿದೆವಲ್ಲ. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ನನ್ನೊಳಗೆ ಹಾಗೆ ಒಡೆದರೆ ಏನು ಗತಿ?

ಆಸ್ಪತ್ರೆಗೆ ಬರಬೇಡ ಅಂತ ನಿನ್ನೆ ನಾನೇ ಗದರಿದ್ದೆ. ಅದು ಬಿಡು, ಇವತ್ತು ಮಧ್ಯಾಹ್ನದ ಬಸ್ಸಿಗೆ ಬಾ. ಹಂದಿ ಕೊಯ್ಯುವಾಗಲೆಲ್ಲ ಪಕ್ಕದಲ್ಲಿ ನಿಂತು ‘ನಿಧಾನ, ನಿಧಾನ’ ಅಂತ ನನ್ನ ತಲೆ ತಿನ್ನುತ್ತಿದ್ದೆಯಲ್ಲ, ಅದನ್ನೇ ದೊರೆಗೂ ಹೇಳು. ಅವರ ಮುಂದೆ ನನಗೆ ಬಾಯಿ ಬರುವುದಿಲ್ಲ.