ಲಾಯರರ ‘ನೋಡೋಣ’, ಮಂತ್ರಿಗಳ ‘ನೋಡೋಣ’

ಮನೆಯಿಂದ,
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಲಾಯರ್ ಸಾಹೇಬರಿಗೆ,

‘ಮಂತ್ರಿಗಳೇ’ ಎಂದು ಬರೆಯಲು ಇನ್ನೂ ಕೈ ಬರುವುದಿಲ್ಲ, ಕೋಪ ಬೇಡ. ಮಂಡಿನೋವು ಹೇಗಿದೆ? ಊಟಕ್ಕೆ ಮುಂಚಿನ ಮಾತ್ರೆಯನ್ನು ಊಟವಾದ ಮೇಲೆ ನುಂಗಿ ನನಗೆ ಸುಳ್ಳು ಹೇಳಬೇಡಿ, ಟಿ.ವಿ.ಯಲ್ಲಿ ಮುಖ ನೋಡಿದರೇ ಗೊತ್ತಾಗುತ್ತದೆ. ನಾವಿಲ್ಲಿ ಕ್ಷೇಮ ಎಂದು ಬರೆಯಲು ಕೂತೆ, ಬರೆಯಲಾಗಲಿಲ್ಲ. ಫೋನ್ ಮಾಡಿದರೆ ನಿಮ್ಮ ಪಿ.ಎ. ಎತ್ತುತ್ತಾನೆ, ಅದಕ್ಕೇ ಡ್ರೈವರ್ ಕೈಯಲ್ಲಿ ಈ ಕಾಗದ.

ನಿನ್ನೆ ದರ್ಜಿಯ ಹೆಂಡತಿ ರಾಜಧಾನಿಯಲ್ಲಿ ನಿಮ್ಮನ್ನು ಕಂಡವಳೇ ನೇರವಾಗಿ ಇಲ್ಲಿಗೆ ಬಂದಳು. ನಮ್ಮ ಬೀದಿಯ ದರ್ಜಿ, ನಿಮ್ಮ ಕರಿಕೋಟಿನ ಹರಿದ ತೋಳನ್ನು ಗೊತ್ತೇ ಆಗದ ಹಾಗೆ ಹೊಲಿದುಕೊಡುತ್ತಿದ್ದವನು. ಕೊಲೆ ಮೊಕದ್ದಮೆಯಲ್ಲಿ ಅವನ ಪರವಾಗಿ ವಾದಿಸಿ ಸೋತ ದಿನ ನೀವು ಆ ಕೋಟನ್ನೂ ಬಿಚ್ಚದೆ ಮುಂದಿನ ಕೋಣೆಯಲ್ಲಿ ಕೂತು, “ಅವನು ಮಾಡಿಲ್ಲ ಕಣೇ” ಎಂದು ಅತ್ತಿರಿ. ಆಮೇಲೆ ಚುನಾವಣೆ ಬಂತು, ಗೆದ್ದಿರಿ, ಕಾನೂನು ಮಂತ್ರಿಯಾದಿರಿ. ಈಗ ಅದೇ ದರ್ಜಿಯ ಕ್ಷಮಾದಾನದ ಅರ್ಜಿ ನಿಮ್ಮ ಮೇಜಿನ ಮೇಲೇ ಇದೆ. ಶುಕ್ರವಾರ ಗಲ್ಲು.

“ಸಾಹೇಬ್ರು ‘ನೋಡೋಣ’ ಅಂದ್ರು ಅಕ್ಕಾ, ಇನ್ನೇನು ಭಯ ಇಲ್ಲ!” ಎಂದು ನನ್ನ ಕೈ ಹಿಡಿದಳು, ಕುಣಿಯುವುದೊಂದು ಬಾಕಿ. ಪಾಪ, ಅವಳಿಗೆ ಗೊತ್ತಿರುವುದು ಲಾಯರರ ನೋಡೋಣ. ಆಗ ನೀವು ಹಾಗೆಂದರೆ ಕಪಾಟಿನ ಪುಸ್ತಕವೆಲ್ಲ ಕೆಳಗಿಳಿಯುತ್ತಿತ್ತು, ಊಟ ತಣ್ಣಗಾಗುತ್ತಿತ್ತು, ಕಕ್ಷಿದಾರರು ಮಾತ್ರ ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು. ಮಂತ್ರಿಗಳ ನೋಡೋಣ ಏನೆಂದು ನನಗೆ ಗೊತ್ತು. ನನ್ನ ತಮ್ಮನ ವರ್ಗಾವಣೆಗೆ, ಶಾಲೆಯ ಸೋರುವ ಸೂರಿಗೆ ಹಾಗೆಂದು ಕೈ ಮುಗಿದು ಎದ್ದುಬಿಟ್ಟಿರಿ, ಅಲ್ಲಿಗೆ ಮುಗಿಯಿತು. ಕೊಲೆಯಾದವನು ನಿಮ್ಮ ಪಕ್ಷದ ಹಿರಿಯರ ಅಳಿಯ, ಅದನ್ನು ನಾನೇನೂ ಮರೆತಿಲ್ಲ. ಕುರ್ಚಿ ಹೋಗುತ್ತದೆಂದು ಹೆದರಿಕೆಯೇ? ಹೋದರೆ ಹೋಗಲಿ ಬಿಡಿ. ಮುಂದಿನ ಕೋಣೆಯಲ್ಲಿ ನಿಮ್ಮ ಹಳೇ ಕುರ್ಚಿ ಇದೆ, ಕಾಲು ಸ್ವಲ್ಪ ಅಲ್ಲಾಡುತ್ತದೆ, ಬಡಗಿಯನ್ನು ಕರೆಸುತ್ತೇನೆ. ನನಗೆ ತುಂಬಾ ಭಯವಾಗುತ್ತಿದೆ ರೀ. ನಿಮ್ಮನ್ನು ಬೇಡಿಕೊಳ್ಳುತ್ತೇನೆ, ಅವನನ್ನು ಉಳಿಸಿಕೊಡಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಅವರಿಗೆ ಇದ್ಯಾವುದೂ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ,
ಇನ್ನೂ ಲಾಯರ್ ಹೆಂಡತಿಯೇ ಆಗಿರುವವಳು

ತಾ.ಕ.: ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಎರಡೇ ಮಾತು. ಗಂಡ ಮನೆಗೆ ಬರುವಾಗ ಹಾಕಿಕೊಳ್ಳಲಿ ಎಂದು ದರ್ಜಿಯ ಹೆಂಡತಿ ಹೊಸ ಅಂಗಿ ಹೊಲಿಯುತ್ತಿದ್ದಾಳೆ. ಜೈಲಿನಲ್ಲಿ ಬಹಳ ಸೊರಗಿದ್ದಾನಂತೆ. “ಈಗಿನ ಅಳತೆಗೆ ಹೊಲೀಲಾ, ಹಳೇ ಅಳತೆಗಾ? ಮನೆ ಊಟ ತಿಂದ್ರೆ ಮತ್ತೆ ತುಂಬ್ಕೋತಾರಲ್ಲ ಅಕ್ಕಾ” ಎಂದು ನನ್ನನ್ನು ಕೇಳಿದಳು. ನಾಳೆ ಬೆಳಗಿನ ಬಸ್ಸಿಗೆ ಅವಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬರುತ್ತಿದ್ದೇನೆ. ಹೆಂಡತಿ ಎಂದು ನನ್ನನ್ನು ಒಳಗೆ ಕರೆಸಬೇಡಿ, ಅರ್ಜಿ ಹಿಡಿದವರ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತಿರುತ್ತೇನೆ. ನಿಮ್ಮಿಂದ ಆಗುವುದೇ ಇಲ್ಲವೆಂದಾದರೆ ಹೊರಗೆ ಬಂದು, ಅಂಗಿ ಬೇಡವಮ್ಮ ಎಂದು ನೀವೇ ಅವಳಿಗೆ ಹೇಳಿಬಿಡಿ. ನನ್ನ ಬಾಯಿಂದ ಆಗುವುದಿಲ್ಲ.