ಮುಖಪುಟದಲ್ಲಿ ನಗುವ ಮಾಲಕಿ

ಶಹಾಪುರ
11 ಜುಲೈ 2022, ಸೋಮವಾರ
ಎಂದಿನಂತೆ ನಾನೇ ಬೀಗ ತೆಗೆದೆ. ಹತ್ತಿ ತುಂಬುತ್ತಿದ್ದ ಮುಂದಿನ ಕೋಣೆ ಈಗ ಆಫೀಸು. ಸೊಸೆ ದೇವಕಮ್ಮ ಸರಕಾರಿ ಕಚೇರಿಗಳಿಗೆ, ಅಕ್ಕಿ ಗಿರಣಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾಳೆ, ಸಲಹೆಯನ್ನೂ ಕೊಡುತ್ತಾಳೆ. ಕಂಪನಿ ಮಾತ್ರ ನನ್ನ ಹೆಸರಲ್ಲಿ. ನನ್ನ ಮನೆಯಲ್ಲಿ ನಡೆಯುವುದು ನನ್ನ ಹೆಸರಲ್ಲೇ ನಡೆಯಬೇಕು — ಅಂದೇ ಹೇಳಿದ್ದೆ. ಟೆಂಡರಿಗೆ ಕಂಪ್ಯೂಟರಿನಲ್ಲೇ ನನ್ನ ಸಹಿ ಹಾಕುವ ಪೆನ್‌ಡ್ರೈವ್ ನನ್ನ ಸೊಂಟದ ಚೀಲದಲ್ಲಿ. ಪಾಸ್‌ವರ್ಡ್ ನನ್ನ ತಲೆಯಲ್ಲಿ. ಯಾರಿಗೂ ಹೇಳಿಲ್ಲ.
ಮಧ್ಯಾಹ್ನ ಫೋಟೋ ತೆಗೆದಳು. ಮಾಲಕಿಯ ಮುಖ ಕಂಡರೆ ಗಿರಾಕಿಗೆ ನಂಬಿಕೆಯಂತೆ. ಸ್ವಲ್ಪ ನಗಬೇಕಂತೆ. ನಗಲಿಲ್ಲ.

14 ಗುರುವಾರ
ವೆಬ್‌ಸೈಟಿನಲ್ಲಿ ಹಲ್ಲು ಬಿಟ್ಟು ನಗುತ್ತಿದ್ದೇನೆ. ಕಂಪ್ಯೂಟರಿನಲ್ಲೇ ತಿದ್ದಿದಳಂತೆ. ತೆಗೆ ಅಂದೆ.
"ನಿಮ್ಮ ಖರೆ ಮಾರಿ ಹಾಕಿದ್ರ ಗಿರಾಕಿ ಬಾಗಿಲದಿಂದನ ಓಡಿ ಹೋಗ್ತಾರ್ರಿ ಅತ್ತಿ."
ಯಾದಗಿರಿಯ ಟೆಂಡರ್ ಮುಗಿದ ಮೇಲೆ ತೆಗೆಯುತ್ತಾಳಂತೆ.

18 ಸೋಮವಾರ, ಸಂಜೆ
ದೇವಾಪುರದಿಂದ ತಂಗಿಯ ಮಗ ಹುಲಗಪ್ಪ ಬಂದಿದ್ದ. ತಂಗಿ ಮರಿಲಿಂಗಮ್ಮನ ಒಂದು ಕಣ್ಣು ಮೊದಲೇ ಹೋಗಿದೆ. ಇನ್ನೊಂದಕ್ಕೆ ರಾಯಚೂರಿನಲ್ಲಿ ಆಪರೇಷನ್. ಉಳಿದರೆ ಉಳಿಯಿತು. ನಾಳೆ ಮಧ್ಯಾಹ್ನ ಹೊರಡುತ್ತಾರೆ.
"ಅದಕ್ಕೂ ಮೊದಲ ಅಕ್ಕನ ಮಾರಿ ಒಮ್ಮಿ ನೋಡಬೇಕಂತಾಳ, ದೊಡ್ಡವ್ವ."
ಬೆಳಗಿನ ಬಸ್ಸಿಗೆ ಬರುತ್ತೇನೆ ಅಂದೆ.

19 ಮಂಗಳವಾರ
ಸೀರೆ ಉಟ್ಟು ನಿಂತಿದ್ದೆ. ಕಾಲುವೆ ನೀರು ಯಾವ ಊರಿಗೆ ಯಾವ ದಿನ ಎಂದು ರೈತರಿಗೆ ಫೋನಿನಲ್ಲೇ ತೋರಿಸುವ ವೆಬ್‌ಸೈಟ್ — ಯಾದಗಿರಿಯ ಕಚೇರಿಯದು — ಅದರ ಟೆಂಡರಿಗೆ ಇವತ್ತೇ ಕೊನೆ. ಕಚೇರಿಯವರು ಏನೋ ಬದಲಾಯಿಸಿದ್ದಾರೆ. ಎಲ್ಲ ಕಾಗದಕ್ಕೂ ಮತ್ತೆ ಸಹಿ. ಸಂಜೆವರೆಗೂ ಕೆಲಸ.
ದೇವಕಮ್ಮ ಮೆಲ್ಲಗೆ ಹೇಳಿದಳು, "ಪಾಸ್‌ವರ್ಡ್ ಹೇಳಿ ಹೋಗ್ರಿ ಅತ್ತಿ. ನಾ ಮಾಡ್ತೀನಿ. ಅಲ್ಲಿ ಚಿಗವ್ವ ಕಾಯಾಕತ್ತಾಳ."
ಹೇಳಿದರೆ ಆಮೇಲೆ ನಾನು ಯಾರು? ಬೀಗ ತೆಗೆಯುವ ಮುದುಕಿ.
ಚೀಲದ ದಾರ ಬಿಗಿ ಮಾಡಿಕೊಂಡು ಕೂತೆ. ಬಸ್ ಹೋಯಿತು.

2 ಆಗಸ್ಟ್, ಮಂಗಳವಾರ
ಟೆಂಡರ್ ನಮಗೇ ಆಯಿತು. ಮೂರು ವರ್ಷ. ಪ್ರತಿ ಬಿಲ್ಲಿಗೂ ನನ್ನ ಸಹಿ. ದೇವಕಮ್ಮ ಓಣಿಗೆಲ್ಲ ಪೇಡೆ ಹಂಚಿದಳು.
ಹುಲಗಪ್ಪ ಬಂದ. ಪೇಡೆ ಮುಟ್ಟಲಿಲ್ಲ. ತಂಗಿಯ ಕಣ್ಣು ಉಳಿಯಲಿಲ್ಲವಂತೆ. ಅವತ್ತು ರಾಯಚೂರಿನ ದಾರಿಯಲ್ಲಿ ತಿಂಥಣಿ ಬ್ರಿಜ್ ದಾಟುವಾಗ ನೆಟ್‌ವರ್ಕ್ ಸಿಕ್ಕಿತಂತೆ. ನಮ್ಮ ವೆಬ್‌ಸೈಟ್ ತೆಗೆದು ಅವಳ ಕಣ್ಣ ಹತ್ತಿರ ಹಿಡಿದನಂತೆ. ಏನಂದಳು, ಕೇಳಿದೆ.
"ನಮ್ಮಕ್ಕ ಹಿಂಗ ನಗಾಕಿ ಅಲ್ಲ, ಬ್ಯಾರೆ ಯಾರನ್ನೋ ತೋರಸಾಕತ್ತಿ ಅಂದ್ಲು."
ಅವನು ಹೋದ ಮೇಲೆ ಪೆನ್‌ಡ್ರೈವ್ ತೆಗೆದು ಸೊಸೆಯ ಮೇಜಿನ ಮೇಲಿಟ್ಟೆ. ಪಾಸ್‌ವರ್ಡ್ ಹೇಳಲು ಬಾಯಿ ತೆರೆದೆ. ಅವಳು ತಲೆ ಎತ್ತಿದಳು.
ಮತ್ತೆ ಚೀಲಕ್ಕೆ ಹಾಕಿಕೊಂಡೆ.
ದೇವಾಪುರಕ್ಕೆ ಹೋಗಬೇಕು. ತಂಗಿಯ ಕೈ ಹಿಡಿದು ನನ್ನ ಮುಖದ ಮೇಲೆ ಇಟ್ಟು… ನಾಳೆ ಆಗದು, ಕರಾರಿನ ಸಹಿ ಇದೆ. ನಾಡಿದ್ದು —